ಬೋರ್ಜಾ ಮನೆತನವೂ ಅದರ ಸಂತನೂ

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ನಮ್ಮ ನಾಡಿನ ಹಿರಿಯರು ಹೇಳುತ್ತಾರೆ. ಸಂತರ ಚರಿತ್ರೆಗಳನ್ನು ಓದುವಾಗಲೂ ನಾವು ಸಾಮಾನ್ಯವಾಗಿ ಇದೇ ಮರ್ಯಾದೆಯನ್ನು ಪಾಲಿಸುತ್ತೇವೆ. ಅವರ ತಪಸ್ಸನ್ನು, ಸೇವೆಯನ್ನು, ಪುಣ್ಯಮರಣವನ್ನು ಸ್ಮರಿಸುತ್ತೇವೆಯೇ ಹೊರತು ಅವರ ಮನೆತನವನ್ನು ಕೆದಕುವುದಿಲ್ಲ. ಆದರೆ ಮೂಲವನ್ನು ಅರಿಯದಿದ್ದರೆ ಹಿರಿಮೆಯೇ ಅರ್ಥವಾಗದಂತಹ ಸಂತರೊಬ್ಬರಿದ್ದಾರೆ. ಅವರೇ ಯೇಸುಸಭೆಯ ಮೂರನೆಯ ಮಹಾಧಿಪತಿಗಳಾಗಿದ್ದ ಸಂತ ಫ್ರಾನ್ಸಿಸ್ ಬೋರ್ಜಾ. ಧರ್ಮಸಭೆಯ ವೈರಿಗಳು ನಮ್ಮನ್ನು ನಾಚಿಸಬೇಕೆಂದಾಗಲೆಲ್ಲ ಎತ್ತಿಕೊಳ್ಳುವ ಹೆಸರು ಬೋರ್ಜಾ. ಆ ಹೆಸರನ್ನೇ ಹೊತ್ತು ಹುಟ್ಟಿ, ಅದೇ ಹೆಸರಿನಲ್ಲಿ ಪೀಠದ ಮೇಲೆ ಪೂಜ್ಯರಾದವರು ಇವರು.

ಬೋರ್ಜಾ ಎಂಬುದು ಮೂಲತಃ ಒಂದು ಊರಿನ ಹೆಸರು. ಸ್ಪೇಯ್ನ್ ದೇಶದ ಆರಗಾನ್ ಪ್ರಾಂತ್ಯದಲ್ಲಿ, ಸರಗೋಸ ನಗರಕ್ಕೆ ಪಶ್ಚಿಮದಲ್ಲಿ ಆ ಊರು ಇಂದಿಗೂ ಇದೆ. 13ನೆಯ ಶತಮಾನದಲ್ಲಿ ಆರಗಾನಿನ ಅರಸನಾದ ಒಂದನೆಯ ಹೈಮೆ ವೆಲೆನ್ಸಿಯವನ್ನು ಗೆದ್ದುಕೊಂಡಾಗ, ಆ ಊರಿನ ಕುಟುಂಬಗಳು ದಕ್ಷಿಣಕ್ಕೆ ಬಂದು ಷಾಟಿವ ಪಟ್ಟಣದ ಸುತ್ತ ನೆಲೆಸಿದವು. ನಮ್ಮಲ್ಲಿ ಅನೇಕರು ಬಿಟ್ಟು ಬಂದ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಉಳಿಸಿಕೊಳ್ಳುವಂತೆ ಅವರೂ ಉಳಿಸಿಕೊಂಡರು. ಸ್ಪೇಯ್ನಿನವರು ಇದನ್ನು ಬೋರ್ಹಾ ಎಂದು ಉಚ್ಚರಿಸುತ್ತಾರೆ. ಇಟಲಿಯವರ ಬಾಯಲ್ಲಿ ಅದು ಬೋರ್ಜಾ ಆಯಿತು. ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಕೇಳಿಬರುವ ಬೋರ್ಜಿಸ್ ಎಂಬುದು ಪೋರ್ಚುಗೀಸರಿಂದ ಬಂದ ಬೇರೆಯೇ ಹೆಸರು. ಧ್ವನಿ ಸಮೀಪವಾದ ಮಾತ್ರಕ್ಕೆ ಎರಡನ್ನೂ ಒಂದೆಂದು ಭಾವಿಸಲಾಗದು.

ಈ ಮನೆತನವನ್ನು ಮೊದಲು ಜಗತ್ತಿಗೆ ಪರಿಚಯಿಸಿದವರು ಅಲ್ಫೋನ್ಸೊ ಬೋರ್ಜಾ. 1378ರಲ್ಲಿ ಹುಟ್ಟಿದ ಇವರು ನ್ಯಾಯಶಾಸ್ತ್ರ ಪಂಡಿತರು. 1455ರಲ್ಲಿ ಮೂರನೆಯ ಕ್ಯಾಲಿಕ್ಸ್ಟಸ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ವೆಲೆನ್ಸಿಯದ ಮಹಾಬೋಧಕ ವಿನ್ಸೆಂಟ್ ಫೆರೆರ್ ಅವರಿಗೆ ಸಂತ ಪದವಿ ನೀಡಿದವರು ಇವರು. ಬೆಂಕಿಗೆ ಆಹುತಿಯಾಗಿದ್ದ ಜೋನ್ ಆಫ್ ಆರ್ಕ್‌ಳ ಮೇಲಿನ ತೀರ್ಪನ್ನು ಮರುವಿಚಾರಣೆ ಮಾಡಲು ಅಪ್ಪಣೆಯಿತ್ತವರೂ ಇವರೇ. 1456ರಲ್ಲಿ ಆ ಅನ್ಯಾಯದ ತೀರ್ಪು ರದ್ದಾಯಿತು. ಅದೇ ವರ್ಷ ತುರ್ಕರ ಸೈನ್ಯ ಬೆಲ್‌ಗ್ರೇಡ್ ನಗರವನ್ನು ಮುತ್ತುವ ಹೊತ್ತಿಗೆ, ಎಲ್ಲ ದೇವಾಲಯಗಳಲ್ಲೂ ಮಧ್ಯಾಹ್ನ ಗಂಟೆ ಬಾರಿಸಿ ಜನರು ಪ್ರಾರ್ಥಿಸಬೇಕೆಂದು ಇವರು ಆಜ್ಞಾಪಿಸಿದರು. ಇಂದು ತ್ರಿಕಾಲ ಪ್ರಾರ್ಥನೆಗಾಗಿ ನಡುಹಗಲಿನಲ್ಲಿ ನಮ್ಮ ಗಂಟೆಗೋಪುರದಿಂದ ನಾದ ಕೇಳಿಬಂದಾಗ, ಆ ರೂಢಿಯ ಹಿಂದೆ ಬೋರ್ಜಾ ಮನೆತನದ ಒಬ್ಬ ಜಗದ್ಗುರುವಿನ ಕೈಯಿದೆ ಎಂಬುದನ್ನು ನಾವು ನೆನೆಯಬಹುದು. ಬೆಲ್‌ಗ್ರೇಡಿನ ವಿಜಯದ ಸ್ಮರಣೆಗಾಗಿ ಪ್ರಭುವಿನ ದಿವ್ಯರೂಪಾಂತರದ ಹಬ್ಬವನ್ನು ಆಗಸ್ಟ್ 6ರಂದು ಇಡೀ ಧರ್ಮಸಭೆ ಆಚರಿಸುವಂತೆ ವಿಧಿಸಿದವರೂ ಅವರೇ.

ಆದರೆ ಈ ಸದ್ಗುಣಿ ಜಗದ್ಗುರುಗಳಿಗೆ ಒಂದು ದೌರ್ಬಲ್ಯವಿತ್ತು. ಅದು ಸ್ವಜನ ಪಕ್ಷಪಾತ. ತಮ್ಮ ಸೋದರಳಿಯ ರೊಡ್ರಿಗೊನನ್ನು ಇಪ್ಪತ್ತೈದರ ಹರೆಯದಲ್ಲೇ ಅವರು ಕಾರ್ಡಿನಲ್ ಪದವಿಗೇರಿಸಿದರು. ಈ ರೊಡ್ರಿಗೊ 1492ರಲ್ಲಿ ಆರನೆಯ ಅಲೆಕ್ಸಾಂಡರ್ ಎಂಬ ಹೆಸರಿನಿಂದ ಪೇತ್ರನ ಪೀಠವನ್ನೇರಿದರು. ಆಡಳಿತದಲ್ಲಿ ಅವರು ಚತುರರು. 1500ರ ಜುಬಿಲಿ ವರ್ಷವನ್ನು ವೈಭವದಿಂದ ನಡೆಸಿದವರು. ಆದರೆ ಬ್ರಹ್ಮಚರ್ಯದ ವ್ರತವನ್ನು ಗಾಳಿಗೆ ತೂರಿದರು. ಮಕ್ಕಳನ್ನು ಪಡೆದರು, ಆ ಮಕ್ಕಳಿಗಾಗಿ ಧರ್ಮಸಭೆಯ ಹಣವನ್ನೂ ಅಧಿಕಾರವನ್ನೂ ಬಳಸಿದರು. ಮಗ ಸೀಸರ್ ಬೋರ್ಜಾ ಕಾರ್ಡಿನಲ್ ಪದವಿಯನ್ನು ಕಳಚಿಟ್ಟು ಖಡ್ಗ ಹಿಡಿದು ರಾಜ್ಯಗಳನ್ನು ಗೆಲ್ಲಲು ಹೊರಟನು. ಮಗಳು ಲುಕ್ರೇಸಿಯಳ ವಿವಾಹಗಳು ರಾಜಕೀಯದ ಪಗಡೆಕಾಯಿಗಳಾದವು. ಅವಳ ಮೇಲೆ ಶತ್ರುಗಳು ಹೊರಿಸಿದ ವಿಷಪ್ರಯೋಗದ ಕಥೆಗಳಿಗೆ ಆಧಾರವಿಲ್ಲವೆಂದು ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಕಟ್ಟುಕಥೆಗಳನ್ನೆಲ್ಲ ಕಳೆದರೂ ಉಳಿಯುವ ಸತ್ಯ ಸಾಕಷ್ಟು ಕಹಿಯಾಗಿಯೇ ಇದೆ. ಅದನ್ನು ಮುಚ್ಚಿಡುವುದರಿಂದ ಧರ್ಮಸಭೆಗೆ ಗೌರವ ಬರುವುದಿಲ್ಲ. ಕೊಡಲಿಯ ಕಾವು ಕುಲಕ್ಕೆ ಸಾವು ಎಂಬಂತೆ, ಧರ್ಮಸಭೆಗೆ ಪೆಟ್ಟು ಕೊಟ್ಟ ಕೊಡಲಿಯ ಕಾವು ಅದೇ ತೋಪಿನ ಮರದಿಂದ ಬಂದದ್ದಾಗಿತ್ತು.

ಆರನೆಯ ಅಲೆಕ್ಸಾಂಡರರ ಇನ್ನೊಬ್ಬ ಮಗ ಹುವಾನ್, ಸ್ಪೇಯ್ನಿನ ಗಾಂದಿಯ ಎಂಬ ಸಂಸ್ಥಾನದ ಎರಡನೆಯ ಡ್ಯೂಕ್. 1497ರ ಜೂನ್ ತಿಂಗಳ ಒಂದು ರಾತ್ರಿ ರೋಮಿನ ಬೀದಿಯಲ್ಲಿ ಅವನ ಕೊಲೆಯಾಯಿತು. ಇರಿತದ ಗಾಯಗಳಿಂದ ತುಂಬಿದ ಶವ ಟೈಬರ್ ನದಿಯಲ್ಲಿ ಸಿಕ್ಕಿತು. ಕೊಂದವರಾರೆಂಬುದು ಎಂದೂ ಸಿದ್ಧವಾಗಲಿಲ್ಲ. ಎಳೆಯ ವಯಸ್ಸಿನ ವಿಧವೆ ಮರಿಯಾ ಎನ್ರೀಕೆಸ್ ಗಾಂದಿಯದಲ್ಲಿ ಎದೆಗುಂದದೆ ನಿಂತರು. ಗಂಡನ ಸಾಲಗಳನ್ನೂ ಸಂಸ್ಥಾನವನ್ನೂ ನೇರ್ಪುಗೊಳಿಸಿ, ಮಗನನ್ನು ಬೆಳೆಸಿ, ಕೊನೆಗೆ ಅದೇ ಊರಿನ ಸಂತ ಕ್ಲಾರಳ ಮಠವನ್ನು ಸೇರಿ ಮಠಾಧ್ಯಕ್ಷೆಯಾದರು. ರೋಮಿನಲ್ಲಿ ಕೆಟ್ಟ ಹೆಸರು ಗಾಂದಿಯದ ಒಂದು ಮಠದ ಮೌನದಲ್ಲಿ ಮೆಲ್ಲಗೆ ಶುದ್ಧಿಯಾಗತೊಡಗಿತು. ಈ ತಾಯಿಯ ಮೊಮ್ಮಗನೇ ನಮ್ಮ ಫ್ರಾನ್ಸಿಸ್.

ಫ್ರಾನ್ಸಿಸ್ ಹುಟ್ಟಿದ್ದು 1510ರ ಅಕ್ಟೋಬರ್ 28ರಂದು, ಗಾಂದಿಯದ ಅರಮನೆಯಲ್ಲಿ. ತಂದೆಯ ಕಡೆಯಿಂದ ಆರನೆಯ ಅಲೆಕ್ಸಾಂಡರರ ಮರಿಮಗ. ತಾಯಿಯ ಕಡೆಯಿಂದ ಸ್ಪೇಯ್ನಿನ ಅರಸ ಫರ್ಡಿನಂಡನ ಮರಿಮಗ. ತಾಯಿಯ ತಂದೆಯಾದ ಸರಗೋಸದ ಮಹಾಧರ್ಮಾಧ್ಯಕ್ಷರು ಆ ಅರಸನಿಗೆ ವಿವಾಹದ ಹೊರಗೆ ಜನಿಸಿದವರು. ಹೀಗೆ ಎರಡೂ ಕಡೆಯಿಂದ ವೈಭವ ಎಷ್ಟಿತ್ತೋ ಕಳಂಕವೂ ಅಷ್ಟೇ ಇತ್ತು. ಹತ್ತನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಮರುವರ್ಷ ವೆಲೆನ್ಸಿಯದಲ್ಲಿ ದಂಗೆಯೆದ್ದು ಕುಟುಂಬ ಗಾಂದಿಯವನ್ನು ಬಿಟ್ಟು ಓಡಬೇಕಾಯಿತು. ಬಾಲಕನನ್ನು ಸರಗೋಸದಲ್ಲಿದ್ದ ಸೋದರಮಾವನ ಬಳಿಗೆ ಕಳುಹಿಸಿದರು. ಅಲ್ಲಿಂದ ತೋರ್ದೆಸಿಯಾಸ್ ಕೋಟೆಗೆ, ರಾಜಕುಮಾರಿ ಕ್ಯಾಥರೀನಳ ಸೇವೆಗೆ ಹೋದರು. ಮತಿಭ್ರಮಣೆಯಾಗಿದೆಯೆಂದು ಸಾರಿ ತಂದೆಯಿಂದಲೂ ಮಗನಿಂದಲೂ ಸೆರೆಯಲ್ಲಿಡಲ್ಪಟ್ಟಿದ್ದ ರಾಣಿ ಹುವಾನಾ ಆ ಕೋಟೆಯಲ್ಲಿದ್ದರು. ಕಿರೀಟವನ್ನು ಹೊತ್ತವರ ದುಃಖ ಎಂತಹುದೆಂಬುದನ್ನು ಬಾಲಕ ಫ್ರಾನ್ಸಿಸ್ ಕಣ್ಣಾರೆ ಕಂಡದ್ದು ಅಲ್ಲಿಯೇ.

ಹದಿನೆಂಟರ ಹೊತ್ತಿಗೆ ಅವರು ಐದನೆಯ ಚಾರ್ಲ್ಸ್ ಚಕ್ರವರ್ತಿಯ ಆಸ್ಥಾನವನ್ನು ಸೇರಿದರು. ಕುದುರೆ ಸವಾರಿ, ಗಿಡುಗ ಬೇಟೆ, ಸಂಗೀತ, ಗಣಿತ ಎಲ್ಲದರಲ್ಲೂ ನಿಪುಣರು. ಅವರು ರಚಿಸಿದ ದೇವಾಲಯ ಸಂಗೀತ ಸ್ಪೇಯ್ನಿನಲ್ಲಿ ಹೆಸರು ಪಡೆದಿತ್ತು. 1529ರಲ್ಲಿ, ಸಾಮ್ರಾಜ್ಞಿ ಇಸಬೆಲ್ಲಾರ ಸಖಿಯಾಗಿ ಪೋರ್ಚುಗಲ್‌ನಿಂದ ಬಂದಿದ್ದ ಲಿಯೊನೋರ್ ಡಿ ಕಾಸ್ತ್ರೊ ಎಂಬವರನ್ನು ಮದುವೆಯಾದರು. ಐದು ಗಂಡು, ಮೂರು ಹೆಣ್ಣು, ಒಟ್ಟು ಎಂಟು ಮಕ್ಕಳಾದರು. ಚಕ್ರವರ್ತಿ ಅವರಿಗೆ ಲೊಂಬಾಯ್ ಸಂಸ್ಥಾನದ ಮಾರ್ಕ್ವಿಸ್ ಪದವಿಯನ್ನಿತ್ತನು. ಲೋಕದ ಲೆಕ್ಕದಲ್ಲಿ ಬೇಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

1539ರ ಮೇ 1ರಂದು ತೊಲೆದೊ ನಗರದಲ್ಲಿ ಸಾಮ್ರಾಜ್ಞಿ ಇಸಬೆಲ್ಲಾ ಹೆರಿಗೆಯ ತೊಂದರೆಯಿಂದ ಮೃತರಾದರು. ಮೂವತ್ತಾರೂ ತುಂಬಿರದ ಅವರು ಅಂದಿನ ಯೂರೋಪಿನ ಸುಂದರಿಯರಲ್ಲಿ ಒಬ್ಬರೆಂದು ಹೆಸರಾಗಿದ್ದರು. ಶವಪೆಟ್ಟಿಗೆಯನ್ನು ಗ್ರನಾಡದ ರಾಜಸಮಾಧಿಗೆ ಒಯ್ಯುವ ಹೊಣೆ ಫ್ರಾನ್ಸಿಸರ ಮೇಲೆ ಬಿತ್ತು. ಬೇಸಗೆಯ ದಾರಿಯಲ್ಲಿ ಎರಡು ವಾರ ಸಾಗಿದ ಮೇಲೆ, ಪೆಟ್ಟಿಗೆಯನ್ನು ತೆರೆದು ಒಳಗಿರುವುದು ಸಾಮ್ರಾಜ್ಞಿಯ ದೇಹವೇ ಎಂದು ಪ್ರಮಾಣ ಮಾಡಬೇಕಾಗಿತ್ತು. ತೆರೆದಾಗ ಕಂಡದ್ದು ಗುರುತೇ ಸಿಗದ ಮುಖ. ಇನ್ನು ಮುಂದೆ ಸಾವಿಗೆ ತುತ್ತಾಗುವ ಒಡೆಯರ ಊಳಿಗ ಮಾಡಲಾರೆನೆಂದು ಅವರು ಅಲ್ಲಿಯೇ ನಿಶ್ಚಯಿಸಿದರೆಂದು ಸಂಪ್ರದಾಯ ಹೇಳುತ್ತದೆ. ಚಿತ್ರಕಾರರು ಈ ದೃಶ್ಯವನ್ನು ಮತ್ತೆ ಮತ್ತೆ ಬಿಡಿಸಿದ್ದಾರೆ.

ಆದರೆ ಅಂದು ಮೂಡಿದ ನಿಶ್ಚಯ ನೆರವೇರಲು ಹನ್ನೊಂದು ವರ್ಷಗಳು ಹಿಡಿದವು ಎಂಬುದನ್ನು ಗಮನಿಸಬೇಕು. ಮಡದಿ ಮಕ್ಕಳನ್ನು ಬಿಟ್ಟು ಅವರು ಅಂದೇ ಅರಣ್ಯಕ್ಕೆ ಹೊರಡಲಿಲ್ಲ. ಅದೇ ವರ್ಷ ಚಕ್ರವರ್ತಿ ಅವರನ್ನು ಕತಲೋನಿಯದ ರಾಜಪ್ರತಿನಿಧಿಯಾಗಿ ನೇಮಿಸಿದನು, ಒಪ್ಪಿಕೊಂಡರು. ನಾಲ್ಕು ವರ್ಷ ಬಾರ್ಸಿಲೋನದಲ್ಲಿದ್ದು ದರೋಡೆಕೋರರನ್ನು ಅಡಗಿಸಿದರು. ಲಂಚಕೋರ ಅಧಿಕಾರಿಗಳನ್ನು ದಂಡಿಸಿದರು. ಹಗಲು ನ್ಯಾಯಪೀಠ, ಇರುಳು ಪ್ರಾರ್ಥನೆ. ಯೇಸುಸಭೆಯ ಮೊದಲ ಸಂಗಡಿಗರಲ್ಲಿ ಒಬ್ಬರಾದ ಸಂತ ಪೀಟರ್ ಫೇಬರ್ ಅವರ ಪರಿಚಯವಾದದ್ದು ಈ ಅವಧಿಯಲ್ಲಿ. 1543ರಲ್ಲಿ ತಂದೆ ತೀರಿಕೊಂಡಾಗ ಗಾಂದಿಯದ ನಾಲ್ಕನೆಯ ಡ್ಯೂಕ್ ಆಗಿ ಹುಟ್ಟೂರಿಗೆ ಮರಳಿದರು. ಅಲ್ಲಿ ಯೇಸುಸಭೆಯವರಿಗಾಗಿ ಒಂದು ವಿದ್ಯಾಲಯವನ್ನು ಸ್ಥಾಪಿಸಿದರು. ಸಭೆಯ ವಿದ್ಯಾರ್ಥಿಗಳೊಡನೆ ಹೊರಗಿನ ಬಾಲಕರಿಗೂ ಪಾಠ ಹೇಳಿದ ಮೊದಲ ಯೇಸುಸಭಾ ವಿದ್ಯಾಲಯ ಅದು. ಮೂರನೆಯ ಪೌಲ್ ಜಗದ್ಗುರುಗಳು 1547ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಮನ್ನಣೆಯಿತ್ತರು.

1546ರ ಮಾರ್ಚ್ ತಿಂಗಳಲ್ಲಿ ಪತ್ನಿ ಲಿಯೊನೋರ್ ತೀರಿಕೊಂಡರು. ಕೆಲವೇ ವಾರಗಳಲ್ಲಿ ಡ್ಯೂಕರು ಯೇಸುಸಭೆಯನ್ನು ಸೇರುವ ವ್ರತ ಕೈಗೊಂಡು ರೋಮಿನಲ್ಲಿದ್ದ ಸಂತ ಇಗ್ನೇಷಿಯಸ್ ಲೊಯೋಲರಿಗೆ ತಿಳಿಸಿದರು. ಇಗ್ನೇಷಿಯಸ್ ಸಂತೋಷದಿಂದ ಒಪ್ಪಿದರಾದರೂ ಅವಸರಪಡಿಸಲಿಲ್ಲ. ಸದ್ಯಕ್ಕೆ ಗುಟ್ಟಾಗಿಡಬೇಕು, ಮಕ್ಕಳಿಗೆ ತಕ್ಕ ನೆಲೆ ಮಾಡಿಕೊಡಬೇಕು, ಹೆಣ್ಣುಮಕ್ಕಳ ವಿಷಯ ಮುಗಿಯಬೇಕು, ಆರಂಭಿಸಿದ ಕಟ್ಟಡಗಳು ಪೂರ್ಣವಾಗಬೇಕು, ದೈವಶಾಸ್ತ್ರವನ್ನು ಕ್ರಮವಾಗಿ ಕಲಿಯಬೇಕು ಎಂಬುದು ಅವರ ಸಲಹೆಯಾಗಿತ್ತು. ಹೀಗೆ 1548ರ ಫೆಬ್ರವರಿಯಲ್ಲಿ ಗುಟ್ಟಾಗಿ ವ್ರತಗಳನ್ನು ಸ್ವೀಕರಿಸಿದ ಬಳಿಕವೂ, ಹೊರಗೆ ಡ್ಯೂಕರಾಗಿ ಒಳಗೆ ಸನ್ಯಾಸಿಯಾಗಿ ಅವರು ಎರಡೂವರೆ ವರ್ಷ ಬಾಳಿದರು. ಸಂಸಾರದ ಹೊಣೆಯನ್ನು ಅರ್ಧಕ್ಕೆ ಬಿಟ್ಟ ವೈರಾಗ್ಯ ಅವರದಲ್ಲ. ಆದರೂ 1550ರ ಆಗಸ್ಟ್ 31ರಂದು ಗಾಂದಿಯವನ್ನು ಬಿಟ್ಟು ಹೊರಟಾಗ ಕಿರಿಯ ಮಗನಿಗೆ ಇನ್ನೂ ಹದಿಮೂರು ತುಂಬಿರಲಿಲ್ಲ ಎಂಬುದನ್ನು ನಾವು ಮರೆಯುವಂತಿಲ್ಲ. ಆ ಅಗಲಿಕೆಯ ಬೆಲೆಯನ್ನು ತಂದೆಯೂ ತೆತ್ತರು, ಮಕ್ಕಳೂ ತೆತ್ತರು.

ರೋಮಿನಲ್ಲಿ ಮೂರನೆಯ ಜೂಲಿಯಸ್ ಜಗದ್ಗುರುಗಳು ಅವರನ್ನು ಕಾರ್ಡಿನಲ್ ಮಾಡಲಿರುವರೆಂಬ ಸುದ್ದಿ ಹಬ್ಬಿತು. ಬೋರ್ಜಾ ಮನೆತನದವರು ಒಂದು ಕಾಲದಲ್ಲಿ ಯಾವ ಕೆಂಪು ಟೋಪಿಗಾಗಿ ಹಾತೊರೆದಿದ್ದರೋ ಅದೇ ಕೆಂಪು ಟೋಪಿಗೆ ಹೆದರಿ ಫ್ರಾನ್ಸಿಸ್ 1551ರ ಫೆಬ್ರವರಿಯಲ್ಲಿ ಸ್ಪೇಯ್ನಿಗೆ ಹಿಂತಿರುಗಿದರು. ಒನ್ಯಾತೆ ಎಂಬ ಸಣ್ಣ ಊರಿನಲ್ಲಿ ಚಕ್ರವರ್ತಿಯ ಅನುಮತಿ ಕೈಸೇರಿದೊಡನೆ ಪದವಿಗಳನ್ನೆಲ್ಲ ಹಿರಿಯ ಮಗ ಕಾರ್ಲೋಸನಿಗೆ ಬಿಟ್ಟುಕೊಟ್ಟು, ತಲೆಗೂದಲು ಕತ್ತರಿಸಿ, ಒರಟು ನಿಲುವಂಗಿ ತೊಟ್ಟರು. ಮೇ ತಿಂಗಳಲ್ಲಿ ಗುರುದೀಕ್ಷೆಯಾಯಿತು. ಆಗಸ್ಟ್ 1ರಂದು ಲೊಯೋಲದಲ್ಲಿ, ಇಗ್ನೇಷಿಯಸ್ ಹುಟ್ಟಿದ ಮನೆಯ ಪ್ರಾರ್ಥನಾ ಮಂದಿರದಲ್ಲಿ, ತಮ್ಮ ಮೊದಲ ಬಲಿಪೂಜೆಯನ್ನು ಅರ್ಪಿಸಿದರು. ಮುಂದೆ ವೆರ್ಗಾರ ಎಂಬಲ್ಲಿ ಬಹಿರಂಗವಾಗಿ ಪೂಜೆ ಅರ್ಪಿಸಿದಾಗ ಡ್ಯೂಕ್ ಗುರುಗಳನ್ನು ನೋಡಲು ಬಂದ ಜನಕ್ಕೆ ದೇವಾಲಯ ಸಾಲದೆ ಬಯಲಿನಲ್ಲೇ ಪೀಠ ಕಟ್ಟಬೇಕಾಯಿತು. ಒನ್ಯಾತೆಯಲ್ಲಿ ಅವರು ಅಡುಗೆಮನೆಗೆ ಸೌದೆ ಹೊತ್ತರು, ನೀರು ಸೇದಿದರು, ಬೀದಿಗಳಲ್ಲಿ ಭಿಕ್ಷೆ ಬೇಡಿದರು, ಮಕ್ಕಳಿಗೆ ಜಪ ಕಲಿಸಿದರು. ಪತ್ರಗಳಿಗೆ ಸಹಿ ಹಾಕುವಾಗ ಮನೆತನದ ಹೆಸರನ್ನು ಬಿಟ್ಟು ಪಾಪಿ ಫ್ರಾನ್ಸಿಸ್ ಎಂದಷ್ಟೇ ಬರೆಯುತ್ತಿದ್ದರು. ಆ ಹೆಸರಿನ ಭಾರವನ್ನು ಬಲ್ಲವರಿಗೆ ಆ ಸಹಿ ಬರಿಯ ವಿನಯದ ಮಾತಾಗಿ ತೋರದು. ದೇಹದಂಡನೆಯಲ್ಲಿ ಅವರು ಅತಿಗೆ ಹೋದಾಗ, ದೇಹವೂ ದೇವರ ಕೊಡುಗೆಯೇ ಎಂಬುದನ್ನು ನೆನಪಿಸಿ ಇಗ್ನೇಷಿಯಸ್ ಅವರನ್ನು ತಡೆಯಬೇಕಾಗಿ ಬಂದಿತ್ತು.

1554ರಲ್ಲಿ ಇಗ್ನೇಷಿಯಸ್ ಅವರನ್ನು ಸ್ಪೇಯ್ನ್, ಪೋರ್ಚುಗಲ್ ದೇಶಗಳ ಯೇಸುಸಭೆಯ ಮೇಲ್ವಿಚಾರಕರನ್ನಾಗಿ ನೇಮಿಸಿದರು. ಮರುವರ್ಷ ತೋರ್ದೆಸಿಯಾಸ್ ಕೋಟೆಯಿಂದ ಕರೆ ಬಂತು. ಬಾಲ್ಯದಲ್ಲಿ ಕಂಡಿದ್ದ ಅದೇ ರಾಣಿ ಹುವಾನಾ ಮರಣಶಯ್ಯೆಯಲ್ಲಿದ್ದರು. ನಲವತ್ತಾರು ವರ್ಷ ಸೆರೆಯಲ್ಲಿ ಕಳೆದು ಯಾರ ಮಾತಿಗೂ ಕಿವಿಗೊಡದಿದ್ದ ಆ ವೃದ್ಧೆ, ಫ್ರಾನ್ಸಿಸ್ ಗುರುಗಳ ಮೃದುವಾದ ಮಾತಿಗೆ ಶಾಂತರಾಗಿ 1555ರ ಶುಭ ಶುಕ್ರವಾರದಂದು ಕೊನೆಯುಸಿರೆಳೆದರು. ಸಿಂಹಾಸನವನ್ನು ತೊರೆದು ಯೂಸ್ತೆಯ ಮಠದಲ್ಲಿ ನೆಲೆಸಿದ್ದ ಚಾರ್ಲ್ಸ್ ಚಕ್ರವರ್ತಿಯೂ ಹಳೆಯ ಗೆಳೆಯನನ್ನು ಕರೆಸಿಕೊಂಡು ಆತ್ಮದ ವಿಷಯ ಮಾತನಾಡಿದನು. 1558ರಲ್ಲಿ ಅವನು ಮೃತನಾದಾಗ ವಲ್ಲದೋಲಿದ್ ನಗರದಲ್ಲಿ ಶ್ರದ್ಧಾಂಜಲಿಯ ಪ್ರಸಂಗ ಮಾಡಿದವರು ಇವರೇ.

ಅವಮಾನವೂ ಕಾದಿತ್ತು. 1559ರಲ್ಲಿ ಸ್ಪೇಯ್ನಿನ ಧರ್ಮವಿಚಾರಣಾ ಮಂಡಳಿ ಪ್ರಕಟಿಸಿದ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ, ಗಾಂದಿಯದ ಡ್ಯೂಕ್ ಬರೆದದ್ದೆಂದು ಮುದ್ರಿತವಾಗಿದ್ದ ಪುಸ್ತಕವೂ ಸೇರಿತು. ಅವರ ಕಿರುಬರಹಗಳೊಡನೆ ಅನ್ಯರ ಬರಹಗಳನ್ನೂ ಬೆರೆಸಿ ಮುದ್ರಕರು ಅವರ ಹೆಸರನ್ನು ಹಾಕಿದ್ದರು. ಒಂದು ಕಾಲದ ರಾಜಪ್ರತಿನಿಧಿಯ ನಿಷ್ಠೆ ಸ್ವದೇಶದಲ್ಲೇ ಸಂಶಯಕ್ಕೀಡಾಯಿತು. ಅವರು ಪೋರ್ಚುಗಲ್‌ಗೆ ಹೋದರು. ಅಲ್ಲಿಂದ 1561ರಲ್ಲಿ ಜಗದ್ಗುರುಗಳ ಕರೆಯಂತೆ ರೋಮಿಗೆ ತೆರಳಿದರು. ಯಾರನ್ನೂ ದೂಷಿಸಲಿಲ್ಲ.

1565ರ ಜುಲೈ 2ರಂದು ಯೇಸುಸಭೆಯ ಪ್ರತಿನಿಧಿಗಳು ಅವರನ್ನು ಮಹಾಧಿಪತಿಯನ್ನಾಗಿ ಆರಿಸಿದರು. ಅಲೆಕ್ಸಾಂಡರರ ಮರಿಮಗ, ಅಲೆಕ್ಸಾಂಡರರು ಕೆಡಿಸಿದ ರೋಮಿನಲ್ಲಿಯೇ, ಏಳು ವರ್ಷ ಧರ್ಮಸುಧಾರಣೆಯ ಕೆಲಸಕ್ಕೆ ಹೆಗಲು ಕೊಟ್ಟರು. 1566ರಲ್ಲಿ ರೋಮಿನಲ್ಲಿ ವ್ಯಾಧಿ ಹಬ್ಬಿದಾಗ ಭಿಕ್ಷೆಯೆತ್ತಿ ಬಡವರನ್ನು ಸಲಹಿದರು. ತಮ್ಮ ಗುರುಗಳನ್ನು ರೋಗಿಗಳ ಬಳಿಗೆ ಕಳುಹಿಸಿದರು. ಕ್ವಿರಿನಾಲ್ ದಿಬ್ಬದ ಮೇಲೆ ಸಂತ ಅಂದ್ರೆಯರ ಹೆಸರಿನ ನವಶಿಷ್ಯಾಲಯವನ್ನು ಸ್ಥಾಪಿಸಿದರು. ಯೇಸುಸಭೆಯ ಮಾತೃದೇವಾಲಯವಾದ ಜೆಸು ಮಹಾಮಂದಿರದ ನಿರ್ಮಾಣ 1568ರಲ್ಲಿ ಅವರ ಕಾಲದಲ್ಲೇ ಆರಂಭವಾಯಿತು. ಫ್ಲೋರಿಡ, ಪೆರು, ಮೆಕ್ಸಿಕೊ ನಾಡುಗಳಿಗೆ ಯೇಸುಸಭೆಯ ಪ್ರೇಷಿತರು ಮೊದಲ ಬಾರಿಗೆ ಹೊರಟದ್ದು ಅವರ ಅಪ್ಪಣೆಯಿಂದ. 1570ರಲ್ಲಿ ಬ್ರೆಜಿಲ್‌ಗೆ ಹೊರಟಿದ್ದ ಇನ್ಯಾಸಿಯೊ ಡಿ ಅಝೆವೇದೊ ಮತ್ತು ಸಂಗಡಿಗರು, ಒಟ್ಟು ನಲವತ್ತು ಮಂದಿ, ಕಡಲಿನಲ್ಲಿ ರಕ್ತಸಾಕ್ಷಿಗಳಾದ ಸುದ್ದಿಯನ್ನು ಕೇಳಬೇಕಾದ ದುಃಖವೂ ಅವರದಾಯಿತು.

ಭಾರತಕ್ಕೂ ಅವರ ಋಣವಿದೆ. ಸಂತ ಅಂದ್ರೆಯರ ನವಶಿಷ್ಯಾಲಯದಲ್ಲಿ ಅವರು ಬರಮಾಡಿಕೊಂಡ ತರುಣರಲ್ಲಿ ಪೋಲೆಂಡಿನ ಸಂತ ಸ್ತಾನಿಸ್ಲಾಸ್ ಕೊಸ್ಕಾ ಒಬ್ಬರಾದರೆ, 1568ರಲ್ಲಿ ಸೇರಿದ ಧನ್ಯ ರುಡೋಲ್ಫ್ ಅಕ್ವಾವೀವ ಇನ್ನೊಬ್ಬರು. ಈ ರುಡೋಲ್ಫ್ 1578ರಲ್ಲಿ ಗೋವೆಗೆ ಬಂದು, 1580ರಲ್ಲಿ ಅಕ್ಬರ್ ಚಕ್ರವರ್ತಿಯ ಆಸ್ಥಾನಕ್ಕೆ ಹೋದ ಮೊದಲ ಯೇಸುಸಭಾ ನಿಯೋಗದ ಮುಖಂಡರಾದರು. 1583ರಲ್ಲಿ ಗೋವೆಯ ಕುಂಕಳ್ಳಿಯಲ್ಲಿ ರಕ್ತಸಾಕ್ಷಿಯಾದರು. ರೋಮಿನ ಮರಿಯಮ್ಮನವರ ಮಹಾದೇವಾಲಯದಲ್ಲಿರುವ ಪುರಾತನ ದೇವಮಾತೆಯ ಚಿತ್ರಕ್ಕೆ ಪ್ರತಿಕೃತಿ ಮಾಡಿಸಲು ಐದನೆಯ ಪಯಸ್ ಜಗದ್ಗುರುಗಳಿಂದ 1569ರಲ್ಲಿ ಅನುಮತಿ ಪಡೆದು, ಪ್ರೇಷಿತರ ಕೈಯಲ್ಲಿ ಅದನ್ನು ದೇಶದೇಶಗಳಿಗೆ ಹರಡಿಸಿದವರೂ ಫ್ರಾನ್ಸಿಸ್ ಬೋರ್ಜಾ. ಅಂತಹ ಒಂದು ಪ್ರತಿಕೃತಿಯನ್ನೇ ಫತೇಪುರ ಸಿಕ್ರಿಯ ಪ್ರಾರ್ಥನಾ ಮಂದಿರದಲ್ಲಿ ಅಕ್ಬರನು ಗೌರವದಿಂದ ದರ್ಶಿಸಿದನೆಂದು ಯೇಸುಸಭೆಯವರ ವರದಿಗಳು ತಿಳಿಸುತ್ತವೆ. 1585ರಲ್ಲಿ ಸಂತ ಅಲೋಶಿಯಸ್ ಗೊನ್ಸಾಗ ಪ್ರವೇಶಿಸಿದ್ದೂ ಅದೇ ನವಶಿಷ್ಯಾಲಯವನ್ನು. 1880ರಲ್ಲಿ ಆರಂಭವಾದ ಮಂಗಳೂರಿನ ವಿದ್ಯಾಲಯ ಆ ತರುಣ ಸಂತನ ಹೆಸರನ್ನೇ ಹೊತ್ತಿದೆ.

1571ರಲ್ಲಿ ಕಾರ್ಡಿನಲ್ ಬೊನೆಲ್ಲಿಯವರ ಜೊತೆಗೂಡಿ ಸ್ಪೇಯ್ನ್, ಪೋರ್ಚುಗಲ್, ಫ್ರಾನ್ಸ್ ದೇಶಗಳ ಅರಸರನ್ನು ಕಾಣಬೇಕೆಂದು ಐದನೆಯ ಪಯಸ್ ಜಗದ್ಗುರುಗಳು ಆಜ್ಞಾಪಿಸಿದರು. ಆರೋಗ್ಯ ಕುಸಿದಿದ್ದರೂ ಫ್ರಾನ್ಸಿಸ್ ಹೊರಟರು. ಹನ್ನೆರಡು ವರ್ಷಗಳ ಹಿಂದೆ ಸಂಶಯದಿಂದ ನೋಡಿದ್ದ ಸ್ಪೇಯ್ನ್ ಈಗ ಬೀದಿಬೀದಿಗಳಲ್ಲಿ ಅವರನ್ನು ಸ್ವಾಗತಿಸಿತು. ಫ್ರಾನ್ಸಿನ ಚಳಿಗಾಲದಲ್ಲಿ ಅವರು ಕಾಯಿಲೆ ಬಿದ್ದರು. ಡೋಲಿಯಲ್ಲಿ ಹೊತ್ತು ಇಟಲಿಗೆ ತಂದಾಗ ಫೆರಾರ ನಗರದಲ್ಲಿ ತಿಂಗಳುಗಟ್ಟಲೆ ಇರಿಸಿಕೊಂಡು ಉಪಚರಿಸಿದವನು ಅಲ್ಲಿನ ಡ್ಯೂಕ್ ಎರಡನೆಯ ಅಲ್ಫೋನ್ಸೊ. ಅವನು ಲುಕ್ರೇಸಿಯ ಬೋರ್ಜಾಳ ಮೊಮ್ಮಗ. ಲೊರೆತೊ ಕ್ಷೇತ್ರದಲ್ಲಿ ದೇವಮಾತೆಗೆ ಕೊನೆಯ ನಮಸ್ಕಾರ ಸಲ್ಲಿಸಿ ಸೆಪ್ಟೆಂಬರ್ 28ರಂದು ರೋಮ್ ತಲುಪಿದರು. ಎರಡು ದಿನಗಳ ಬಳಿಕ, 1572ರ ಸೆಪ್ಟೆಂಬರ್ 30ರ ನಡುರಾತ್ರಿಯ ಹೊತ್ತಿಗೆ, ಅರವತ್ತೊಂದನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟರು. ತಮ್ಮ ತೊಮಾಸ್ ಹಾಸಿಗೆಯ ಬಳಿಯಲ್ಲಿದ್ದರು. ಮಕ್ಕಳ, ಮೊಮ್ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿಸಿಕೊಂಡು, ಒಬ್ಬೊಬ್ಬರಿಗಾಗಿಯೂ ಪ್ರಾರ್ಥಿಸಿ, ಆಶೀರ್ವಾದವನ್ನು ತಮ್ಮನ ಮೂಲಕ ಕಳುಹಿಸಿದರು.

1624ರಲ್ಲಿ ಧನ್ಯರೆಂದೂ, 1671ರಲ್ಲಿ ಹತ್ತನೆಯ ಕ್ಲೆಮೆಂಟ್ ಜಗದ್ಗುರುಗಳಿಂದ ಸಂತರೆಂದೂ ಅವರು ಘೋಷಿತರಾದರು. ಯೇಸುಸಭೆಯವರು ಅಕ್ಟೋಬರ್ 3ರಂದು ಅವರ ಹಬ್ಬವನ್ನು ಆಚರಿಸುತ್ತಾರೆ. ಮ್ಯಾಡ್ರಿಡ್ ನಗರಕ್ಕೆ ಒಯ್ದಿದ್ದ ಅವರ ಅವಶೇಷಗಳು 1931ರ ಮೇ 11ರ ಗಲಭೆಯಲ್ಲಿ ದೇವಾಲಯಕ್ಕೆ ಬೆಂಕಿ ಬಿದ್ದಾಗ ಬಹುಪಾಲು ಸುಟ್ಟುಹೋದವು. ಹೆಸರು ಮಾತ್ರ ಉಳಿಯಿತು. ಅವರ ಮೊಮ್ಮಗ, ಅದೇ ಫ್ರಾನ್ಸಿಸ್ ಎಂಬ ಹೆಸರಿನ ಕವಿ, 1615ರಿಂದ 1621ರವರೆಗೆ ಪೆರುವಿನ ರಾಜಪ್ರತಿನಿಧಿಯಾಗಿದ್ದನು. ಬ್ರೆಜಿಲ್‌ನಲ್ಲಿ ಯೇಸುಸಭೆಯವರು 1682ರಲ್ಲಿ ಸ್ಥಾಪಿಸಿದ ಊರು ಸಾವೊ ಬೋರ್ಜಾ ಎಂದೇ ಕರೆಯಲ್ಪಡುತ್ತದೆ. ನಮ್ಮ ಕಾಲದಲ್ಲಿ, 1988ರಿಂದ 1992ರವರೆಗೆ, ರೊಡ್ರಿಗೊ ಬೋರ್ಜಾ ಎಂಬವರು ಈಕ್ವಡೋರ್ ದೇಶದ ರಾಷ್ಟ್ರಾಧ್ಯಕ್ಷರಾಗಿದ್ದರು.

ಫ್ರಾನ್ಸಿಸ್ ತಮ್ಮ ಪೂರ್ವಿಕರ ಪಾಪವನ್ನು ಎಲ್ಲಿಯೂ ಸಮರ್ಥಿಸಲಿಲ್ಲ; ಅವರನ್ನು ಬಯ್ದು ತಾವು ದೊಡ್ಡವರಾಗಲೂ ಇಲ್ಲ. ಪಾಲಿಗೆ ಬಂದ ಹೆಸರನ್ನು ಹೊತ್ತು, ಹೊಣೆಗಳನ್ನು ಒಂದೊಂದಾಗಿ ಮುಗಿಸಿ, ಉಳಿದ ಬಾಳನ್ನು ದೇವರಿಗೆ ಒಪ್ಪಿಸಿದರು. ಶತಮಾನವನ್ನು ಪೂರೈಸಿದ ಒಂದು ವಿಚಾರಣೆಯ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಎಷ್ಟೋ ಮನೆತನಗಳ ಹೆಸರುಗಳು ಸಾಲುಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಕೀರ್ತಿ ಪಡೆದವೂ ಇವೆ, ಊರವರ ನಾಲಗೆಗೆ ಸಿಕ್ಕಿ ನೊಂದವೂ ಇವೆ. ತಾತ ಮಾಡಿದ್ದು ಮೊಮ್ಮಗನ ಹಣೆಬರಹವೆಂದು ನಾವು ಯಾರ ಮನೆಯ ಬಗೆಗೂ ತೀರ್ಪು ಹೇಳದಿರೋಣ. ಪುಟದ ಕೆಳಗೆ ಇನ್ನೂ ಖಾಲಿ ಜಾಗವಿದೆ.